ಐದು ಮನೆಯ ಶಕ್ತಿಮಾನ್: ಘಟ್ಟದ ಕೆಳಗಿನ ಒಂದು ಮಿಲಿಟರಿ ಲಾರಿಯ ಪ್ರಕರಣ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ ಹೋಗುವಾಗ ಎರಡೂ ಬದಿಗೆ ಮಣ್ಣಿನ ಕವಲುದಾರಿಗಳು ಸಿಗುತ್ತವೆ. ಅಂಥ ಒಂದು ಕವಲಿನ ತುದಿಯಲ್ಲಿ ಐದು ಮನೆ, ಐದು ಅಡಿಕೆ ತೋಟ. ಮನೆಗಳಿಗೂ ಡಾಂಬರು ರಸ್ತೆಗೂ ನಡುವೆ ಅಘನಾಶಿನಿ ಸೇರುವ ಒಂದು ಹಳ್ಳ. ಜನ ದಾಟಲು ಕಾಲುಸಂಕ ಇದೆ. ಗಾಡಿ ದಾಟಬೇಕಾದರೆ ನೀರಿಗೇ ಇಳಿಯಬೇಕು.

ಊರಿನ ಹೆಸರು, ಮನೆತನದ ಹೆಸರು ಬರೆಯುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಲಾರಿಗೆ ಏನಾಯಿತು, ಯಾವಾಗ ಯಾರು ಏನು ತೀರ್ಮಾನ ಮಾಡಿದರು ಅನ್ನುವುದನ್ನು ಮುಟ್ಟಿಲ್ಲ. ನಾನು ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಟ್ರೇಡ್ ಕಲಿಸುತ್ತಿದ್ದವನು, ಈಗ ನಿವೃತ್ತ. ಈ ಪ್ರಕರಣದಲ್ಲಿ ನನ್ನ ಪಾತ್ರವೂ ಇದೆ. ಅಷ್ಟೇನೂ ಹೆಮ್ಮೆಪಡುವ ಪಾತ್ರವಲ್ಲ.

ಲಾರಿ ಯಾಕೆ ಬೇಕಾಯಿತು

ತೋಟಕ್ಕೆ ಗೊಬ್ಬರ ಬರಬೇಕು, ಸೊಪ್ಪಿನ ಬೆಟ್ಟದಿಂದ ದರಕು (ಒಣ ಎಲೆ) ಬರಬೇಕು, ಕುಮಟಾ ಕಡೆಯಿಂದ ತೆಂಗಿಗೆ ಮೀನುಗೊಬ್ಬರ ಬರಬೇಕು, ಮನೆ ಕಟ್ಟುವವರಿಗೆ ಚೀರೆಕಲ್ಲು ಬರಬೇಕು. ಅಡಿಕೆ ಚೀಲ ಶಿರಸಿ ಮಾರುಕಟ್ಟೆಗೆ ಹೋಗಬೇಕು. ಬಾಡಿಗೆ ಲಾರಿಯವರು ಹಳ್ಳದ ಆಚೆ ದಡದಲ್ಲೇ ನಿಲ್ಲಿಸುತ್ತಿದ್ದರು. ಅಲ್ಲಿಂದ ಈಚೆಗೆ ತಲೆಹೊರೆ, ಇಲ್ಲವೇ ಟ್ರ್ಯಾಕ್ಟರ್. ಮಳೆಗಾಲದಲ್ಲಿ ಟ್ರ್ಯಾಕ್ಟರೂ ಏರಿನಲ್ಲಿ ಹೂತು ಕೂರುತ್ತಿತ್ತು. ಒಂದು ಲೋಡಿಗೆ ಎರಡು ಸಲ ಹಮಾಲಿ ಕೊಡಬೇಕು. ಹೀಗೆ ಎಷ್ಟು ವರ್ಷ ಅಂತ ನಡೆಸುತ್ತೀರಿ?

ಐವರಲ್ಲಿ ಹಿರಿಯರನ್ನು ಯಜಮಾನ್ರು ಅನ್ನೋಣ. ಮಲೆನಾಡಿನಲ್ಲಿ ನಾಟಾ ಎಳೆಯುತ್ತಿದ್ದ ಹಳೇ ಮಿಲಿಟರಿ ಲಾರಿಗಳನ್ನು ಅವರು ಹುಡುಗನಾಗಿದ್ದಾಗಿನಿಂದ ನೋಡಿದವರು. ನಾಲ್ಕೂ ಗಾಲಿ ಎಳೆಯುವ ಗಾಡಿ ಇದ್ದರೆ ಹಳ್ಳವೂ ಇಲ್ಲ, ಏರೂ ಇಲ್ಲ ಅನ್ನುವುದು ಅವರ ಲೆಕ್ಕ. ಐದು ಮನೆ ಸೇರಿ ಒಂದು ಶಕ್ತಿಮಾನ್ ತರೋಣ ಅಂತ 2008ರ ಮಳೆಗಾಲದಲ್ಲಿ ಮಾತು ಶುರುವಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಶಕ್ತಿಮಾನ್ ಅಂದರೆ ಜರ್ಮನಿಯ ಮಾನ್ ಕಂಪನಿಯ ಪರವಾನಗಿ ಪಡೆದು ಜಬಲ್ಪುರದಲ್ಲಿ ನಮ್ಮ ಸೇನೆಗಾಗಿ ಮಾಡುತ್ತಿದ್ದ ಲಾರಿ. 1950ರ ದಶಕದ ಕೊನೆಗೆ ಶುರುವಾದದ್ದು 1996ರ ತನಕ ನಡೆಯಿತು. ಸೇನೆಯಲ್ಲಿ ಇದನ್ನು ಮೂರು ಟನ್ನಿನ ಗಾಡಿ ಅನ್ನುತ್ತಿದ್ದರು. ಆಮೇಲೆ ಅದರ ಜಾಗಕ್ಕೆ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್, ಟಾಟಾದ ಗಾಡಿಗಳು ಬಂದವು. ಶಕ್ತಿಮಾನ್‌ಗಳು ಒಂದೊಂದಾಗಿ ಹರಾಜಿಗೆ ಹೋದವು.

ಎರಡು ಲಾರಿ, ಒಂದು ತೀರ್ಮಾನ

ಸೇನೆ ಕೈಬಿಟ್ಟ ಗಾಡಿ ಒಂದೊಂದೇ ಮಾರಾಟವಾಗುವುದು ಕಡಿಮೆ. ಲಾಟ್ ಲೆಕ್ಕದಲ್ಲಿ ಹರಾಜು. ಸರ್ಕಾರದ್ದೇ ಸಂಸ್ಥೆ ಎಂಎಸ್‌ಟಿಸಿ ಮೂಲಕ ಆನ್‌ಲೈನಲ್ಲಿ ಕೂಗುವ ವ್ಯವಸ್ಥೆಯೂ ಇದೆ. ಷರತ್ತು ಒಂದೇ: ಇದ್ದಲ್ಲಿ, ಇದ್ದ ಹಾಗೆ. ಗ್ಯಾರಂಟಿ ಅನ್ನುವ ಮಾತೇ ಇಲ್ಲ. ಐದು ಮನೆಯವರು ಲಾಟ್ ಹಿಡಿದಿದ್ದ ಒಬ್ಬ ವ್ಯಾಪಾರಿಯ ಹತ್ತಿರ ಹೋದರು. ಅವನ ಹಿತ್ತಲಲ್ಲಿ ಎರಡು ಶಕ್ತಿಮಾನ್ ನಿಂತಿದ್ದವು.

ಒಂದರ ಇಂಜಿನ್ ಕೀಲಿ ತಿರುವಿದ ಕೂಡಲೇ ಎದ್ದಿತು. ಹೊಗೆ ಇಲ್ಲ, ಸದ್ದು ಚೊಕ್ಕ. ಆದರೆ ಕಾಗದ ಕೇಳಿದರೆ ವ್ಯಾಪಾರಿ, ‘ಅದೆಲ್ಲ ಮಾಡಿಸಿಕೊಡುವಾ’ ಅಂದ. ಇನ್ನೊಂದು ಎರಡು ಮಳೆಗಾಲ ಬಯಲಲ್ಲಿ ನಿಂತ ಗಾಡಿ. ಸೀಟಿನ ಮೇಲೆ ಇರುವೆ ಗೂಡು. ಇಂಜಿನ್ ಏಳುವುದೇ ಇಲ್ಲ. ಆದರೆ ಅದಕ್ಕೆ ಸೇನೆಯ ಬಿಡುಗಡೆ ಪತ್ರವಿತ್ತು, ಹರಾಜಿನ ರಸೀದಿ ಇತ್ತು, ಎರಡರಲ್ಲೂ ಛಾಸಿ ನಂಬರ್ ಇತ್ತು.

ಜೊತೆಗೆ ಹೋಗಿದ್ದ ಮೇಸ್ತ್ರಿ (ಕುಮಟಾ ಕಡೆಯವರು, ಲಾರಿ ಕೆಲಸದಲ್ಲಿ ಮೂವತ್ತು ವರ್ಷ) ಮೊದಲನೆಯದನ್ನೇ ತಟ್ಟಿ ನೋಡುತ್ತಿದ್ದರು. ಯಜಮಾನ್ರ ಸೊಸೆ ಮಾತ್ರ ಎರಡನೆಯದರ ಬಳಿ ಕೂತು ಛಾಸಿಯ ತುಕ್ಕಿಗೆ ಸೀಮೆಎಣ್ಣೆ ಬಟ್ಟೆ ಉಜ್ಜಿದಳು. ನಂಬರ್ ಮೇಲೆ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಆಡಿಸಿದಳು. ಒಂದೊಂದೇ ಅಂಕೆ ಬೆಳ್ಳಗೆ ಮೂಡಿ ಬಂತು. ಪತ್ರದ ಪಕ್ಕ ಹಿಡಿದಳು. ಸರಿಯಾಗಿ ಕೂಡಿತು. ಮೊದಲನೆಯ ಲಾರಿಗೆ ಕೂಡಿಸಿ ನೋಡಲು ಪತ್ರವೇ ಇರಲಿಲ್ಲ.

‘ಇಂಜಿನ್ ಮೇಸ್ತ್ರಿ ಎಬ್ಬಿಸ್ತಾರೆ ಮಾವಾ. ಕಾಗದ ಎಬ್ಬಿಸೋರು ಯಾರು?’ ಅಂದಳು.

ಏಳದ ಲಾರಿಯನ್ನೇ ತಂದರು. ಇಡೀ ಪ್ರಕರಣದಲ್ಲಿ ಇಷ್ಟು ಸರಿಯಾದ ತೀರ್ಮಾನ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಸೇನೆಯಲ್ಲಿ ಇರುವ ತನಕ ಗಾಡಿಗೆ ಮೋಟಾರು ವಾಹನ ಕಾಯ್ದೆಯ ಕಲಂ 60ರಡಿ ಬೇರೆಯೇ ನೋಂದಣಿ. ಬಾಣದ ಗುರುತಿನ ಆ ನಂಬರ್ ಪ್ಲೇಟ್ ನೀವೂ ನೋಡಿರುತ್ತೀರಿ. ಸೇನೆ ಕೈಬಿಟ್ಟ ಮೇಲೆ ಅದು ಎಲ್ಲ ಗಾಡಿಗಳ ಹಾಗೆ ಹೊಸದಾಗಿ ನೋಂದಣಿ ಆಗಬೇಕು. ಬಿಡುಗಡೆ ಪತ್ರ ಇಲ್ಲದಿದ್ದರೆ ಆರ್‌ಟಿಓ ಕಣ್ಣಿಗೆ ಅದು ಲಾರಿಯಲ್ಲ, ಬರೀ ಕಬ್ಬಿಣ. ಇವರದ್ದು ಮೂರು ತಿಂಗಳಲ್ಲಿ ನೋಂದಣಿ ಆಯಿತು. ಜಿಲ್ಲೆಯಲ್ಲಿ ಕಾರವಾರದ ಕೆಎ 30, ಶಿರಸಿಯ ಕೆಎ 31, ಹೊನ್ನಾವರದ ಕೆಎ 47 ಇವೆ. ಇವರದ್ದು ಯಾವುದು ಅಂತ ಹೇಳಿದರೆ ನೀವು ಹುಡುಕಿಬಿಡುತ್ತೀರಿ.

ಎಬ್ಬಿಸಿದ್ದು

ಇಂಜಿನ್ ಪೂರ್ತಿ ಬಿಚ್ಚಬೇಕು ಅಂತ ಮೂರು ಮನೆಯವರ ವಾದ. ಅದನ್ನು ತೆಗೆದು ಲೇಲ್ಯಾಂಡ್ ಇಂಜಿನ್ ಕೂರಿಸೋಣ, ಸಾಮಾನು ಎಲ್ಲಿ ಬೇಕಾದರೂ ಸಿಗುತ್ತದೆ ಅಂತ ಒಬ್ಬರು. ಎರಡನೆಯ ಮಾತಿನಲ್ಲಿ ಹುರುಳಿದೆ, ಅನೇಕರು ಹಾಗೆ ಮಾಡಿದ್ದಾರೆ. ಆದರೆ ಇಂಜಿನ್ ಬದಲಿಸಿದರೆ ಅದಕ್ಕೆ ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಕಾಗದ ಸರಿ ಇದೆ ಅಂತಲೇ ತಂದ ಗಾಡಿಯ ಕಾಗದವನ್ನು ತಾವೇ ಕೆಡಿಸಿಕೊಳ್ಳುವುದೇ?

ಮೇಸ್ತ್ರಿ ಬಿಚ್ಚಲು ಒಪ್ಪಲಿಲ್ಲ. ಆರೂ ಸಿಲಿಂಡರಿನ ಕಂಪ್ರೆಷನ್ ನೋಡಿದರು. ಒಂದರಲ್ಲಿ ಸ್ವಲ್ಪ ಕಡಿಮೆ, ಉಳಿದವು ಸಮ. ‘ಹೊಟ್ಟೆ ಸರಿ ಇದೆ, ಊಟ ಹೋಗುತ್ತಿಲ್ಲ’ ಅಂದರು. ಟ್ಯಾಂಕಿನ ತಳದಲ್ಲಿ ತುಕ್ಕಿನ ಹುಡಿ, ನೀರು, ಗಂಜಿಯಂಥ ಡೀಸೆಲ್. ಟ್ಯಾಂಕ್ ಇಳಿಸಿ, ಒಳಗೆ ಹಿಡಿ ಜಲ್ಲಿ ಹಾಕಿ ಅಲುಗಿಸಿ ತೊಳೆದರು. ಪಂಪ್ ಮತ್ತು ನೋಜಲ್ ಹುಬ್ಬಳ್ಳಿಗೆ ಹೋಗಿ ಬಂದವು. ಲೈನಿನ ಗಾಳಿ ತೆಗೆದು ಹೊಡೆದಾಗ ಇಂಜಿನ್ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ನಾಲ್ಕನೇ ಸಲಕ್ಕೆ ಹಿಡಿಯಿತು.

ಅದೇ ಸಂಜೆ ಡ್ರೈವರ್ ಹುಡುಗ ತನ್ನ ಟೇಪ್ ರೆಕಾರ್ಡರ್ ತಂದು ಬ್ಯಾಟರಿಗೆ ಕೊಟ್ಟ. ಎರಡು ಬ್ಯಾಟರಿ ಸೇರಿ 24 ವೋಲ್ಟಿನ ಗಾಡಿ ಅದು. ಟೇಪಿನಿಂದ ಹಾಡು ಬರಲಿಲ್ಲ, ಹೊಗೆ ಬಂತು.

ಬಿಡಿ ಸಾಮಾನಿನ ವಿಷಯದಲ್ಲಿ ಇವರು ಕಂಡುಕೊಂಡ ದಾರಿ ಎಲ್ಲರಿಗೂ ಉಪಯೋಗ ಆದೀತು. ಅಂಗಡಿಗೆ ಹೋಗಿ ‘ಶಕ್ತಿಮಾನ್ ಹಬ್ ಸೀಲ್ ಕೊಡಿ’ ಅಂದರೆ ನಗುತ್ತಾರೆ. (ಹಬ್ ಸೀಲ್ ಅಂದರೆ ಗಾಲಿಯ ನಡುಭಾಗದಿಂದ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ.) ಆದರೆ ಸೀಲಿಗೆ ಗಾಡಿಯ ಹೆಸರು ಬೇಕಿಲ್ಲ. ಒಳ ಅಳತೆ, ಹೊರ ಅಳತೆ, ದಪ್ಪ ಮೂರೇ ಸಾಕು. ಬೇರಿಂಗಿಗೆ ಅದರ ಮೈಮೇಲೇ ನಂಬರ್ ಕೊರೆದಿರುತ್ತದೆ. ಮೇಸ್ತ್ರಿ ಬಿಚ್ಚಿದ್ದೆಲ್ಲವನ್ನೂ ವರ್ನಿಯರಿನಲ್ಲಿ ಅಳೆದು ಹೇಳುತ್ತಿದ್ದರು, ಸೊಸೆ ಬರೆದುಕೊಳ್ಳುತ್ತಿದ್ದಳು. ಅದೇ ಪುಸ್ತಕದಲ್ಲಿ ಡೀಸೆಲ್ ಲೆಕ್ಕವೂ ಬಂತು. ಯಾವ ಮನೆಯ ಲೋಡು, ಎಲ್ಲಿಂದ ಎಲ್ಲಿಗೆ, ಹಳ್ಳ ದಾಟಿದ ಹೊತ್ತು. ಐದು ಮನೆಗೆ ಖರ್ಚು ಹಂಚಬೇಕಲ್ಲ, ಅದಕ್ಕೆ. ಹಳ್ಳದ ಹೊತ್ತು ಯಾಕೆ ಬರೆದಳೋ, ಜಗಳ ಆಗಬಾರದು ಅಂತ ಇರಬೇಕು. ಮುಂದೆ ಅದೇ ಗಾಡಿಯನ್ನು ಉಳಿಸಿತು.

ಬಣ್ಣ ಹೊಡೆದದ್ದು

ಲಾರಿ ಬಂದದ್ದು ಸೇನೆಯ ಹಸಿರು ಬಣ್ಣದಲ್ಲಿ. ಹುಡುಗರಿಗೆ ಅದೇ ಚಂದ. ಆದರೆ ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗೆ ಮಾತ್ರ. ನೋಂದಣಿಗೆ ಮೊದಲು ಬಣ್ಣ ಬದಲಿಸಲೇಬೇಕು. ಇಟ್ಟಿಗೆ ಕೆಂಪು ಅಂತ ತೀರ್ಮಾನವಾಯಿತು.

ಹೇಗೂ ಪೇಂಟರ್ ಬರುತ್ತಾನೆ, ಅಡಿಗೂ ಏನಾದರೂ ಹೊಡೆಸೋಣವೇ ಅಂತ ಯಜಮಾನ್ರು ನನ್ನನ್ನು ಕೇಳಿದರು. ಕರಾವಳಿಯ ಉಪ್ಪುಗಾಳಿ, ಮೇಲೆ ಮೀನುಗೊಬ್ಬರದ ಉಪ್ಪು. ತುಕ್ಕು ಬಿಡುವುದಿಲ್ಲ ಅನ್ನುವುದು ಗೊತ್ತೇ ಇತ್ತು. ನಾನು ಹೇಳಿದೆ: ಅಡಿಗೆ ಡಾಂಬರಿನ ಕೋಟಿಂಗ್ ಹೊಡೆಸಿ, ಎರಡು ಕೈ, ದಪ್ಪಗೆ, ಒಂದು ಮೂಲೆಯನ್ನೂ ಬಿಡಬೇಡಿ.

ಪೇಂಟರ್ ಪ್ರಾಮಾಣಿಕ ಮನುಷ್ಯ. ಒಂದು ಮೂಲೆಯನ್ನೂ ಬಿಡಲಿಲ್ಲ.

ಮೊದಲ ಮಳೆಗಾಲ

2009ರ ಬೇಸಗೆಯಲ್ಲಿ ಲಾರಿ ಚೆನ್ನಾಗಿ ಓಡಿತು. ಗೊಬ್ಬರ, ಕಲ್ಲು ಎಲ್ಲ ಅಂಗಳಕ್ಕೇ ಬಂದು ಬಿತ್ತು. ಒಂದೇ ತಕರಾರು: ಘಟ್ಟ ಹತ್ತುವಾಗ ಮುಕ್ಕಾಲು ಗಂಟೆ ಕಳೆದ ಮೇಲೆ ಕೆಲವೊಮ್ಮೆ ಇಂಜಿನ್ ಸೊರಗಿ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟು ಹೊಡೆದರೆ ಏನೂ ಆಗದವರ ಹಾಗೆ ಎದ್ದು ಹೊರಡುತ್ತಿತ್ತು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಬದಲಿಸಿದರು. ಕಡಿಮೆಯಾದ ಹಾಗೆ ಅನಿಸಿತು. ಸುಮ್ಮನಾದರು.

ಜೂನ್ ಕೊನೆಗೆ ಶಿರಸಿಯಿಂದ ಗೊಬ್ಬರ ತುಂಬಿಕೊಂಡು ದೇವಿಮನೆ ಇಳಿಯುವಾಗ ಬ್ರೇಕ್ ತುಳಿದರೆ ಗಾಡಿ ಬಲಕ್ಕೆ ಎಳೆಯಿತು. ಹುಡುಗ ಗಟ್ಟಿ. ಗೇರ್ ಇಳಿಸಿಕೊಂಡು, ಇಂಜಿನ್ ಹಿಡಿತದಲ್ಲೇ ಕೆಳಗೆ ತಂದ. ಹಿಂದಿನ ಎಡಗಾಲಿ ಬಿಚ್ಚಿದರೆ ಡ್ರಮ್ಮಿನ ಒಳಗೆಲ್ಲ ಗೇರ್ ಆಯಿಲ್. ಡ್ರಮ್ಮಿಗೆ ಉಜ್ಜಿ ಗಾಲಿ ನಿಲ್ಲಿಸುವ ಲೈನರ್ ಎಣ್ಣೆಯಲ್ಲಿ ನೆನೆದು ಕರ್ರಗೆ ಹೊಳೆಯುತ್ತಿತ್ತು. ಹಬ್ ಸೀಲ್ ಹೋಗಿದೆ ಅಂತ ಯಾರಾದರೂ ಹೇಳುತ್ತಿದ್ದರು. ಹೊಸ ಸೀಲ್, ಹೊಸ ಲೈನರ್.

ಹತ್ತೊಂಬತ್ತು ದಿನಕ್ಕೆ ಮತ್ತೆ ಅದೇ. ಈ ಸಲ ಬಲಗಡೆಯದೂ ಜಿನುಗುತ್ತಿತ್ತು.

ನನ್ನನ್ನು ಕರೆದರು. ಸೀಲ್ ಬಿಚ್ಚಿ ನೋಡಿದೆ. ಅದರ ರಬ್ಬರ್ ತುಟಿ ಒಳಗಿನಿಂದ ಹೊರಕ್ಕೆ ಮಗುಚಿಕೊಂಡಿತ್ತು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ. ‘ಮಾಲು ಕಳಪೆ’ ಅಂದೆ. ಒಳ್ಳೆಯ ಕಂಪನಿಯ ಸೀಲ್ ತರಿಸಿದೆ, ದುಡ್ಡು ಎರಡು ಪಟ್ಟು. ಆಕ್ಸಲ್ ಮೇಲೆ ಸೀಲ್ ಕೂರುವ ಜಾಗದಲ್ಲಿ ಸ್ವಲ್ಪ ಗೀರಿತ್ತು, ಅದನ್ನೂ ಲೇತಿಗೆ ಕೊಟ್ಟು ಸರಿ ಮಾಡಿಸಿದೆ. ಹನ್ನೆರಡು ದಿನ ಗಾಡಿ ನಿಂತಿತು.

ಆಗಸ್ಟಿನಲ್ಲಿ ಮೂರನೇ ಸಲ. ಜೊತೆಗೆ ಹೊಸದೊಂದು ಸಮಸ್ಯೆ. ಹಿಂದಿನ ಹೌಸಿಂಗಿನ (ಆಕ್ಸಲ್, ಗೇರುಗಳನ್ನು ಒಳಗಿಟ್ಟ ಕಬ್ಬಿಣದ ಗೂಡು) ಎಣ್ಣೆ ನೋಡಲು ಮೇಸ್ತ್ರಿ ಕೆಳಗಿನ ಬೂಚು ಸಡಿಲಿಸಿದರು. ಮೊದಲು ಬಂದದ್ದು ನೀರು. ಅರ್ಧ ಲೋಟದಷ್ಟು. ಅದರ ಹಿಂದೆ ಹಾಲು ಜಾಸ್ತಿಯಾದ ಕಾಫಿಯಂಥ ಎಣ್ಣೆ. ಅದರಲ್ಲಿ ಗಾಲಿ ತಿರುಗಿಸುವ ಹಲ್ಲಿನ ಚಕ್ರಗಳು, ಕ್ರೌನ್ ಪಿನಿಯನ್, ಎಷ್ಟು ದಿನದಿಂದ ತಿರುಗುತ್ತಿತ್ತೋ! ಮೇಸ್ತ್ರಿ ಬೆರಳಲ್ಲಿ ತೀಡಿ ನೋಡಿದರು, ಮಾತಾಡಲಿಲ್ಲ.

ಮಾತಾಡಿದವರು ಉಳಿದವರು. ಹಳ್ಳದಲ್ಲಿ ಗಾಡಿ ನಿಲ್ಲಿಸುತ್ತಾನೆ ಅಂತ ಡ್ರೈವರ್ ಮೇಲೆ. ಸೀಲ್ ಕೂರಿಸಲು ಬರುವುದಿಲ್ಲ ಅಂತ ಮೇಸ್ತ್ರಿ ಮೇಲೆ. ಮುದುಕ ಗಾಡಿ ತಂದರು ಅಂತ ಯಜಮಾನ್ರ ಮೇಲೆ. ಎರಡು ಮನೆಯವರು ತಮ್ಮ ಪಾಲು ವಾಪಸ್ ಕೇಳಿದರು. ಗುಜರಿಯವನನ್ನು ಕರೆದು ತೂಕದ ಲೆಕ್ಕವನ್ನೂ ಕೇಳಿಯಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಎಣ್ಣೆ ಹೊರಬರುವುದು ಒಂದು ರೋಗ, ನೀರು ಒಳಹೋಗುವುದು ಇನ್ನೊಂದು ರೋಗ ಅಂತ ನಾವೆಲ್ಲ ಬೇರೆ ಬೇರೆ ಔಷಧಿ ಹುಡುಕುತ್ತಿದ್ದೆವು. ಎರಡೂ ಒಂದೇ ಹೌಸಿಂಗಿನಲ್ಲಿ, ಒಂದೇ ಮಳೆಗಾಲದಲ್ಲಿ ಯಾಕೆ ಬಂದವು ಅಂತ ಒಬ್ಬನೂ ಕೇಳಲಿಲ್ಲ.

ಹವಾಲ್ದಾರ್ ಸಾಹೇಬರು ಬಂದದ್ದು

ಮೇಸ್ತ್ರಿಗೆ ಕಾರವಾರದ ಹತ್ತಿರ ಒಬ್ಬರ ಪರಿಚಯವಿತ್ತು. ಸೇನೆಯ ಇಎಂಇಯಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ಇಎಂಇ ಅಂದರೆ ಸೇನೆಯ ಗಾಡಿ, ಯಂತ್ರಗಳ ರಿಪೇರಿ ನೋಡಿಕೊಳ್ಳುವ ದಳ. ಈಗ ದೋಣಿಯ ಇಂಜಿನ್ ರಿಪೇರಿ ಮಾಡಿಕೊಂಡಿದ್ದರು. ಮೇಸ್ತ್ರಿ ತಾವಾಗಿಯೇ ಹೋಗಿ ಕರೆದರು. ಮೂವತ್ತು ವರ್ಷ ಕೆಲಸ ಮಾಡಿದವನಿಗೆ ‘ನನಗೆ ತಿಳಿಯುತ್ತಿಲ್ಲ, ಬನ್ನಿ’ ಅನ್ನುವುದು ಸಣ್ಣ ಮಾತಲ್ಲ. ನಾನಾಗಿದ್ದರೆ ಹೋಗುತ್ತಿರಲಿಲ್ಲ.

ಅವರು ಬಂದಾಗ ಗಾಡಿ ಶಿರಸಿಗೆ ಹೋಗಿತ್ತು. ಚಹ ಕುಡಿಯುತ್ತಾ ಕಾದರು. ಏನೇನು ಆಯಿತು ಅಂತ ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ‘ಗಾಡಿಗೊಂದು ಡೈರಿ ಇಲ್ವಾ?’ ಅಂದರು. ಸೊಸೆ ಪುಸ್ತಕ ತಂದಳು.

‘ಕೊಡು ತಂಗಿ.’

ಕನ್ನಡಕ ಹಾಕಿಕೊಂಡು ಓದಿದರು. ಒಂದೊಂದು ಪುಟದಲ್ಲಿ ಬೆರಳು ನಿಲ್ಲಿಸುತ್ತಿದ್ದರು. ಆಮೇಲೆ ಕೇಳಿದರು: ‘ಬೆಳಿಗ್ಗೆ ಮನೆಯಿಂದ ಹೊರಟು ಹಳ್ಳ ದಾಟಿದ ದಿನಗಳಲ್ಲಿ ಏನೂ ಆಗಿಲ್ಲ. ಶಿರಸಿಯಿಂದ ಲೋಡ್ ತಂದು ಸೀದಾ ಹಳ್ಳಕ್ಕೆ ಇಳಿಸಿದ ಮೇಲೇ ಆಗಿರೋದು. ಹೌದಾ?’

ಪುಸ್ತಕ ಅಲ್ಲೇ ಇತ್ತು, ನಾವೂ ನೂರು ಸಲ ನೋಡಿದ್ದೆವು. ಡೀಸೆಲ್ ಲೆಕ್ಕ ನೋಡಲು.

ಗಾಡಿ ಬಂತು. ಅಂದು ಹಳ್ಳಕ್ಕೆ ಇಳಿಸಬೇಡಿ ಅಂತ ಆಚೆ ದಡದಲ್ಲೇ ನಿಲ್ಲಿಸಿದರು. ಅವರು ಗೋಣಿ ಹಾಸಿ ಅಡಿಗೆ ನುಗ್ಗಿದರು. ಹಿಂದಿನ ಹೌಸಿಂಗ್ ಬಿಸಿಯಾಗಿ ಕೈ ಇಡಲು ಆಗುತ್ತಿರಲಿಲ್ಲ. ಅದರ ನೆತ್ತಿಯ ಮೇಲೆ ಬೆರಳ ತುದಿಯಲ್ಲಿ ತಡವುತ್ತಾ ಹೋದರು. ಒಂದು ಕಡೆ ಡಾಂಬರಿನ ಸಣ್ಣ ಗುಬ್ಬಿ. ಸ್ಕ್ರೂಡ್ರೈವರಿನಿಂದ ಅದನ್ನು ಕೆರೆದರು. ಎರಡು ಪದರ ಎದ್ದು ಬಂತು. ಕೆಳಗೆ ಬೆರಳಿನ ತುದಿಯಷ್ಟು ದೊಡ್ಡ ಒಂದು ಮುಚ್ಚಳ ಕಂಡಿತು. ಅದರ ಅಂಚಿಗೆ ಮೊನೆ ಕೊಟ್ಟು ಮೆಲ್ಲಗೆ ಎತ್ತಿದರು.

ಸ್‌ಸ್‌ಸ್ ಅಂತ ಗಾಳಿ ಬಂತು. ಸೈಕಲ್ ಟ್ಯೂಬಿನ ಹಾಗೆ, ಎಣ್ಣೆ ವಾಸನೆಯ ಗಾಳಿ. ಎಷ್ಟೋ ಹೊತ್ತು ಬರುತ್ತಲೇ ಇತ್ತು.

ಅಡಿಯಿಂದಲೇ ಕೂಗಿದರು: ‘ಮೇಸ್ತ್ರೀ, ಇದರ ಮೂಗು ಮುಚ್ಚಿದ್ದು ಯಾರು?’

ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ, ಅದು ಅವರ ದೊಡ್ಡತನ. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ.

ಅದು ಬ್ರೀದರ್. ಪ್ರತಿ ಲಾರಿಯ ಹೌಸಿಂಗಿನ ಮೇಲೂ ಇರುತ್ತದೆ. ಲೋಡ್ ಎಳೆಯುವಾಗ ಒಳಗಿನ ಎಣ್ಣೆ, ಗಾಳಿ ಎರಡೂ ಬಿಸಿಯಾಗುತ್ತವೆ. ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಬ್ರೀದರ್ ಮೂಲಕ ಹೊರಹೋಗಬೇಕು. ಆ ದಾರಿ ಮುಚ್ಚಿದರೆ ಒತ್ತಡ ಹುಡುಕಿಕೊಂಡು ಹೋಗುವುದು ತೀರಾ ಮೆತ್ತಗಿನ ಜಾಗಕ್ಕೆ, ಅಂದರೆ ಹಬ್ ಸೀಲಿನ ತುಟಿಗೆ. ತುಟಿ ಮಗುಚುತ್ತದೆ, ಎಣ್ಣೆ ಡ್ರಮ್ಮಿಗೆ ಇಳಿಯುತ್ತದೆ, ಬ್ರೇಕ್ ಹೋಗುತ್ತದೆ. ಆಮೇಲೆ ಅದೇ ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಈಗ ಅದಕ್ಕೆ ಗಾಳಿ ಬೇಕು. ಮೂಗು ಕಟ್ಟಿದೆ. ಸೀಲಿನ ಬಾಯಿಯಿಂದಲೇ ಎಳೆದುಕೊಳ್ಳುತ್ತದೆ. ಅಲ್ಲಿರುವುದು ನೀರು. ಸೀಲ್ ಮಾಡಿರುವುದೇ ಒಳಗಿನ ಎಣ್ಣೆ ತಡೆಯಲು, ಹೊರಗಿನ ನೀರನ್ನು ಈ ರಭಸದಲ್ಲಿ ತಡೆಯಲು ಅಲ್ಲ. ಬೆಳಿಗ್ಗೆ ತಣ್ಣಗಿನ ಗಾಡಿ ಹಳ್ಳ ದಾಟಿದಾಗ ಇದ್ಯಾವುದೂ ಆಗುವುದಿಲ್ಲ.

ಇದನ್ನೆಲ್ಲ ನಾನು ಬೋರ್ಡಿನ ಮೇಲೆ ಬರೆದು ಕಲಿಸಿದವನು. ಪರೀಕ್ಷೆಯಲ್ಲಿ ಪ್ರಶ್ನೆ ಕೂಡ ಕೊಟ್ಟಿದ್ದೇನೆ.

ಹವಾಲ್ದಾರರು ಅಂದು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿದಿದೆ. ‘ಮಾಸ್ತರೇ, ಅಲ್ಲಿ ಈ ಗಾಡಿಗೆ ದಿನಾ ಕೈಯಿಡೋಕೆ ಡ್ರೈವರ್ ಇದ್ದ, ಅವನ ಮೇಲೆ ನೋಡೋಕೆ ನಾವಿದ್ವಿ, ನಮ್ಮ ಹಿಂದೆ ದೊಡ್ಡ ವರ್ಕ್‌ಶಾಪ್ ಇತ್ತು. ನೀವು ಹರಾಜಲ್ಲಿ ಲಾರಿ ಒಂದೇ ತಂದ್ರಿ.’

ಆಮೇಲೆ

ಕೆಲಸ ಎರಡೇ ದಿನದ್ದು. ಬ್ರೀದರ್ ಇದ್ದ ಜಾಗಕ್ಕೆ ನಿಪ್ಪಲ್ ಹಾಕಿ, ಎಣ್ಣೆ ತಡೆಯುವ ಪೈಪ್ ಜೋಡಿಸಿ, ಅದರ ತುದಿಯನ್ನು ಛಾಸಿಗಿಂತ ಮೇಲೆ, ಕ್ಯಾಬಿನಿನ ಹಿಂಬದಿಗೆ ಬಗ್ಗಿಸಿ ಕಟ್ಟಿದರು. ಈಗ ಹಳ್ಳದ ನೀರು ಅಷ್ಟೆತ್ತರ ಬರುವುದಿಲ್ಲ. ಬಂದರೆ ಗಾಡಿ ಇಳಿಸುವುದಿಲ್ಲ. ಮುಂದಿನ ಹೌಸಿಂಗಿನದೂ ಹಾಗೆಯೇ ಮುಚ್ಚಿತ್ತು. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಬಾಕ್ಸ್‌ನದೂ (ಮುಂದಿನ, ಹಿಂದಿನ ಗಾಲಿಗೆ ಶಕ್ತಿ ಹಂಚುವ ಪೆಟ್ಟಿಗೆ ಅದು). ಹಾಳಾದ ಎಣ್ಣೆ ತೆಗೆದು, ಬರೀ ಡೀಸೆಲ್ ಹಾಕಿ ಗಾಲಿ ಎತ್ತಿ ನಿಧಾನ ತಿರುಗಿಸಿ ತೊಳೆದು, ಹೊಸ ಎಣ್ಣೆ ತುಂಬಿದರು. ಕ್ರೌನಿನ ಹಲ್ಲಿನ ಮೇಲೆ ಸಣ್ಣ ತುಕ್ಕಿನ ಚುಕ್ಕಿಗಳಿದ್ದವು. ಬದಲಿಸಲಿಲ್ಲ. ಇಳಿಜಾರಿನಲ್ಲಿ ಅದು ಇವತ್ತಿಗೂ ಸಣ್ಣಗೆ ಗುನುಗುತ್ತದೆ.

ಗೇರ್‌ಬಾಕ್ಸಿನ ಬ್ರೀದರ್ ಕೆರೆಯುತ್ತಿದ್ದ ಮೇಸ್ತ್ರಿ ಒಮ್ಮೆಲೇ ಕೈಬಿಟ್ಟು ಎದ್ದರು. ಸೀದಾ ಡೀಸೆಲ್ ಟ್ಯಾಂಕಿಗೆ ಹೋಗಿ ಮುಚ್ಚಳ ತಿರುವಿದರು. ಗುಟುಕ್ ಅಂತ ಟ್ಯಾಂಕ್ ಗಾಳಿ ಎಳೆದುಕೊಂಡಿತು. ಮುಚ್ಚಳದ ಗಾಳಿಕಿಂಡಿಯಲ್ಲಿ ಇಟ್ಟಿಗೆ ಕೆಂಪು ಬಣ್ಣ ಒಣಗಿ ಕೂತಿತ್ತು. ಘಟ್ಟದಲ್ಲಿ ಮುಕ್ಕಾಲು ಗಂಟೆಗೆ ಸೊರಗಿ ನಿಲ್ಲುತ್ತಿದ್ದ ಇಂಜಿನ್! ಡೀಸೆಲ್ ಖಾಲಿಯಾದ ಹಾಗೆ ಟ್ಯಾಂಕಿನಲ್ಲಿ ನಿರ್ವಾತ ಆಗಿ, ಪಂಪಿಗೆ ಎಳೆಯಲು ಆಗುತ್ತಿರಲಿಲ್ಲ. ಹತ್ತು ನಿಮಿಷ ನಿಂತರೆ ಹೇಗೋ ಸ್ವಲ್ಪ ಗಾಳಿ ನುಸುಳಿ ಸರಿಯಾಗುತ್ತಿತ್ತು. ಫೀಡ್ ಪಂಪ್ ಪಾಪ, ಏನೂ ತಪ್ಪು ಮಾಡಿರಲಿಲ್ಲ. ಹವಾಲ್ದಾರರು ಏನೂ ಹೇಳಲಿಲ್ಲ, ಸುಮ್ನೆ ಮೇಸ್ತ್ರಿಯ ಬೆನ್ನು ತಟ್ಟಿದರು.

ದುಡ್ಡಿನ ಲೆಕ್ಕ: ಲಾರಿಗೆ ಕೊಟ್ಟದ್ದನ್ನು ಒಂದು ರೂಪಾಯಿ ಅಂದುಕೊಂಡರೆ ಮೊದಲ ಎರಡು ವರ್ಷದಲ್ಲಿ ಅದರ ಮೇಲೆ ಇನ್ನೂ 1 ರೂಪಾಯಿ 70 ಪೈಸೆ ಹೋಯಿತು. ಅದರಲ್ಲಿ 45 ಪೈಸೆ ಈ ಮುಚ್ಚಿದ ತೂತುಗಳದ್ದು. ಬ್ರೀದರಿನ ರಿಪೇರಿಗೆ ಆದ ಖರ್ಚು ಹೇಳಿದರೆ ನಗೆ ಬರುತ್ತದೆ. ಪೈಪ್, ನಿಪ್ಪಲ್, ಕ್ಲಿಪ್, ಅಷ್ಟೇ.

ಪದ್ಧತಿಯಲ್ಲೂ ಬದಲಾವಣೆ ಆಯಿತು. ಮೊದಲು ಐದು ಮನೆಗೂ ಕೀಲಿ ಇತ್ತು, ಗಾಡಿಯ ಜವಾಬ್ದಾರಿ ಐವರದ್ದೂ, ಅಂದರೆ ಯಾರದ್ದೂ ಅಲ್ಲ. ಈಗ ಕೀಲಿ ಒಂದೇ, ಸೊಸೆಯ ಹತ್ತಿರ. ಶಿರಸಿಯಿಂದ ಲೋಡ್ ಬಂದರೆ ಹಳ್ಳದ ಆಚೆ ಅರ್ಧ ಗಂಟೆ ನಿಲ್ಲಬೇಕು. ಹುಡುಗ ಆ ಹೊತ್ತಿನಲ್ಲಿ ನಾಲ್ಕೂ ಹಬ್ ಮುಟ್ಟಿ ನೋಡುತ್ತಾನೆ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಬರೆದಿಡುತ್ತಾನೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ರಾತ್ರಿಯಿಡೀ ಗಾಡಿ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಹೌಸಿಂಗಿನ ಬೂಚು ಎರಡು ಸುತ್ತು ಸಡಿಲಿಸುವುದು. ನೀರಿದ್ದರೆ ಎಣ್ಣೆಗಿಂತ ಭಾರ, ತಳದಲ್ಲಿ ಕೂತಿರುತ್ತದೆ, ಮೊದಲ ಹನಿಯೇ ಹೇಳಿಬಿಡುತ್ತದೆ. ಓಡಿ ಬಂದ ಕೂಡಲೇ ನೋಡಿದರೆ ಎಲ್ಲ ಕಲಸಿಹೋಗಿ ಗೊತ್ತಾಗುವುದಿಲ್ಲ.

ಎಲ್ಲವೂ ಸರಿಹೋಯಿತು ಅಂತ ಅಲ್ಲ. ಹುಡುಗನಿಗೆ ಮುಂದಿನ ಗಾಲಿಯನ್ನೂ ಸೇರಿಸಿ ಓಡಿಸುವ ಚಟ. ಕೆಸರಿನಲ್ಲಿ ಅದು ಬೇಕು. ಡಾಂಬರಿನ ಮೇಲೆ ಬೇಡ. ತಿರುವಿನಲ್ಲಿ ಮುಂದಿನ ಗಾಲಿ ದೊಡ್ಡ ಸುತ್ತು ಹೋಗುತ್ತದೆ, ಹಿಂದಿನದು ಸಣ್ಣ ಸುತ್ತು. ಈ ಗಾಡಿಯಲ್ಲಿ ಎರಡನ್ನೂ ಸೇರಿಸಿ ಲಾಕ್ ಮಾಡಿದ ಮೇಲೆ ಆ ವ್ಯತ್ಯಾಸ ಹೋಗಲು ಜಾಗವಿಲ್ಲ. ಕೆಸರಲ್ಲಿ ಗಾಲಿ ಜಾರಿ ಸರಿಹೋಗುತ್ತದೆ, ಡಾಂಬರಲ್ಲಿ ಶಾಫ್ಟು, ಗೇರುಗಳೆಲ್ಲ ತಿರುಚಿ ಬಿಗಿಯುತ್ತವೆ. ಎಷ್ಟು ಹೇಳಿದರೂ ಮರೆಯುತ್ತಾನೆ. ಮುಂದಿನ ಟೈರ್ ಸವೆದದ್ದು ನೋಡಿದರೆ ಎಷ್ಟು ಸಲ ಮರೆತಿದ್ದಾನೆ ಅಂತ ಲೆಕ್ಕ ಸಿಗುತ್ತದೆ. ಪಾಲು ವಾಪಸ್ ಕೇಳಿದ್ದ ಎರಡು ಮನೆಯಲ್ಲಿ ಒಂದು ಉಳಿಯಿತು, ಇನ್ನೊಂದು ಹೋಯಿತು. ಹೋದವರು ಈಗ ಬಾಡಿಗೆ ಕೊಟ್ಟು ಅದೇ ಲಾರಿಯಲ್ಲಿ ಗೊಬ್ಬರ ತರಿಸುತ್ತಾರೆ.

2013ರ ಬೇಸಗೆಯಲ್ಲಿ ಮತ್ತೆ ಬಣ್ಣ ಹೊಡೆಸುವ ಕಾಲ ಬಂತು. ಅದೇ ಪೇಂಟರ್. ಮಗನನ್ನೂ ಕರೆತಂದಿದ್ದ, ಐದಾರು ವರ್ಷದವನು. ಬ್ರಷ್ ಮುಟ್ಟುವ ಮೊದಲು ಮೇಸ್ತ್ರಿ ಅಡಿಕೆ ಹಾಳೆ ನೆನೆಸಿ, ಕತ್ತರಿಸಿ, ಹೆಬ್ಬೆರಳಿನಷ್ಟು ಪುಟ್ಟ ಹಾಳೆಟೊಪ್ಪಿಗಳನ್ನು ಹೊಲಿದರು. ಐದು. ಮುಂದಿನ ಹೌಸಿಂಗಿನ ಪೈಪಿನ ತುದಿಗೊಂದು, ಹಿಂದಿನದಕ್ಕೊಂದು, ಗೇರ್‌ಬಾಕ್ಸಿಗೆ, ಟ್ರಾನ್ಸ್‌ಫರ್ ಬಾಕ್ಸಿಗೆ, ಟ್ಯಾಂಕಿನ ಮುಚ್ಚಳಕ್ಕೆ. ಬಣ್ಣ ಒಣಗಿದ ಮೇಲೆ ತೆಗೆದು ಜಗಲಿಯ ಮೇಲೆ ಸಾಲಾಗಿ ಇಡಬೇಕು, ಎಣಿಸಬೇಕು ಅಂತ ಅವರ ಕಟ್ಟಪ್ಪಣೆ.

ಮರುದಿನ ಸಂಜೆ ಎಣಿಸಿದರೆ ನಾಲ್ಕೇ ಇದ್ದವು. ಕೀಲಿ ಸೊಸೆಯ ಸೊಂಟದಲ್ಲೇ ಉಳಿಯಿತು. ಮೇಸ್ತ್ರಿ, ಪೇಂಟರ್, ನಾನು ಮೂವರೂ ಟಾರ್ಚ್ ಹಿಡಿದು ಅಡಿಗೆ ನುಗ್ಗಿ ಕತ್ತಲಾಗುವ ತನಕ ಹುಡುಕಿದೆವು. ಐದನೆಯದು ಪೇಂಟರನ ಮಗನ ಕಿರುಬೆರಳಿನ ಮೇಲಿತ್ತು. ಅದಕ್ಕೆ ಕಣ್ಣು, ಮೂಗು ಬರೆದುಕೊಂಡು ಅವನು ಮೆಟ್ಟಿಲ ಮೇಲೆ ಆಡುತ್ತಾ ಕೂತಿದ್ದ.